ಯಲಹಂಕದ ಮಹಡಿಯಿಂದ ದಕ್ಷಿಣದ ಶಿಲುಬೆ

ಆಸ್ಟ್ರೇಲಿಯಾದ ಬಾವುಟದಲ್ಲಿರುವ ಶಿಲುಬೆಯಾಕಾರದ ನಕ್ಷತ್ರಪುಂಜವನ್ನು ಕಾಣಲು ಆ ದೇಶಕ್ಕೇ ಹೋಗಬೇಕಾಗಿಲ್ಲ. ನಮ್ಮವರು ತ್ರಿಶಂಕು ಎಂದು ಕರೆಯುವ ಈ ಪುಂಜ ಉತ್ತರ ಬೆಂಗಳೂರಿನಿಂದಲೂ ಕಾಣುತ್ತದೆ. ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿರುವ ಮಂಗಳೂರಿಗೂ ಈ ಮಾತು ಸಲ್ಲುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ವಸಂತವೆಂದರೆ ಸೆಪ್ಟೆಂಬರ್‌ನಿಂದ ನವೆಂಬರ್. ಆಗ ಸಂಜೆ ಅದು ಅಲ್ಲಿಯೂ ತಗ್ಗಿನಲ್ಲಿರುತ್ತದೆ. ನಮಗೆ ನಮ್ಮ ವಸಂತವೇ ಒಳ್ಳೆಯದು.

ಏಪ್ರಿಲ್ ಮಧ್ಯದಲ್ಲಿ ರಾತ್ರಿ 11ರ ಸುಮಾರಿಗೆ, ಮೇ ಮಧ್ಯದಲ್ಲಿ 9ರ ನಂತರ ನೇರ ದಕ್ಷಿಣಕ್ಕೆ ನೋಡಿರಿ. ಕೈ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ದಿಗಂತದಿಂದ ಒಂದೂವರೆ, ಎರಡು ಮುಷ್ಟಿ ಮೇಲೆ ಶಿಲುಬೆ ನಿಂತಿರುತ್ತದೆ. ಎಡಕ್ಕೆ, ತುಸು ಕೆಳಗೆ, ಎರಡು ಉಜ್ವಲ ನಕ್ಷತ್ರಗಳಿದ್ದರೆ ಗುರುತು ಸರಿ. ಬಲಕ್ಕೆ ಇನ್ನೂ ದೊಡ್ಡದಾದ, ಮಂಕಾದ ಹುಸಿ ಶಿಲುಬೆಯೊಂದಿದೆ, ಮೋಸಹೋಗಬೇಡಿ.

ತೊಂದರೆಯೊಂದಿದೆ. ಯಲಹಂಕದವರಿಗೆ ದಕ್ಷಿಣವೆಂದರೆ ಹೆಬ್ಬಾಳ, ಆರ್.ಟಿ. ನಗರದಾಚೆಗಿನ ಇಡೀ ನಗರದ ದೀಪದ ಬೆಳಕು. ಶಿಲುಬೆಯ ನಾಲ್ಕನೆಯ, ಮಸುಕಾದ ನಕ್ಷತ್ರ ಅದರಲ್ಲಿ ಕಳೆದುಹೋದೀತು. ಬೇಸಿಗೆ ಮಳೆ ಸುರಿದು ಧೂಳಡಗಿದ, ಚಂದ್ರನಿಲ್ಲದ ರಾತ್ರಿಯನ್ನು ಆರಿಸಿಕೊಳ್ಳಿ.

ನಮಗೆ ಇನ್ನೊಂದು ನಂಟೂ ಇದೆ. 1685ರಲ್ಲಿ ಗುಡ್ ಹೋಪ್ ಭೂಶಿರದಲ್ಲಿ ತಂಗಿದ್ದ ಯೇಸುಸಭೆಯ ಗುರುಗಳು ಶಿಲುಬೆಯ ಬುಡದ ನಕ್ಷತ್ರ ಒಂದಲ್ಲ, ಜೋಡಿ ಎಂದು ಕಂಡರು. 1689ರಲ್ಲಿ ಪುದುಚೇರಿಯಲ್ಲಿ ಧೂಮಕೇತು ನೋಡುತ್ತಿದ್ದ ಅದೇ ಸಭೆಯ ಜಾನ್ ರಿಶೋ, ಎಡಗಡೆಯ ಆ ಎರಡರಲ್ಲಿ ಹೆಚ್ಚು ಪ್ರಕಾಶದ ಆಲ್ಫಾ ಸೆಂಟಾರಿಯೂ ಜೋಡಿಯೆಂದು ಕಂಡುಕೊಂಡರು. ಸುಮಾರು 4.3 ಜ್ಯೋತಿರ್ವರ್ಷ ದೂರದ ಅದು ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಬಳಗ. ಸಣ್ಣ ದೂರದರ್ಶಕದಲ್ಲಿ ಈಗಲೂ ಎರಡಾಗಿ ಕಾಣುತ್ತದೆ. ಜೂನ್‌ನಲ್ಲಿ ಮೋಡ ಕವಿದರೆ ಮತ್ತೆ ಮುಂದಿನ ವರ್ಷವೇ.