ಕಾನಿ ಮ್ಯಾಕರ ಐವತ್ತು ವರ್ಷಗಳು

ಅಮೆರಿಕದವರಿಗೆ ಬಹು ಪ್ರಿಯವಾದ ಬೇಸ್‌ಬಾಲ್ ಆಟದಲ್ಲಿ ಮ್ಯಾನೇಜರನು ಚೆಂಡನ್ನು ಮುಟ್ಟಬೇಕೆಂದಿಲ್ಲ; ಆಟಗಾರರನ್ನು ಆರಿಸಿ, ಯಾರು ಎಲ್ಲಿ ನಿಲ್ಲತಕ್ಕದ್ದೆಂದು ಗೊತ್ತುಮಾಡುವುದೇ ಅವನ ಕೆಲಸ. ಈ ಕೆಲಸದಲ್ಲಿ ಕಾನಿ ಮ್ಯಾಕರಷ್ಟು ಕಾಲ ನಿಂತವರನ್ನು ನಾವು ಕಾಣೆವು. 1862ರಲ್ಲಿ ಹುಟ್ಟಿದ ಇವರು ಎಳೆತನದಲ್ಲಿ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಆಟಗಾರರಾಗಿ, 1901ರಿಂದ 1950ರ ವರೆಗೆ ಫಿಲಡೆಲ್ಫಿಯಾ ನಗರದ ಅಥ್ಲೆಟಿಕ್ಸ್ ತಂಡವನ್ನು ನಡೆಯಿಸಿದರು. ಆಟದ ಉಡುಪನ್ನು ತೊಡದೆ, ಕಾಲರು ಟೈಗಳನ್ನು ಧರಿಸಿ ಬೆಂಚಿನ ಮೇಲೆ ಕುಳಿತು, ಕೈಯಲ್ಲಿದ್ದ ಅಂಕಪಟ್ಟಿಯನ್ನು ಬೀಸಿ ಆಟಗಾರರನ್ನು ಅತ್ತಿತ್ತ ಸರಿಸುತ್ತಿದ್ದರು. ದೂರದಿಂದ ನೋಡಿದವರು ಅದನ್ನು ಬೀಸಣಿಗೆಯೆಂದೇ ತಿಳಿದಾರು!

‘ವರ್ಲ್ಡ್ ಸೀರೀಸ್’ ಎಂಬ ವರ್ಷಾಂತ್ಯದ ಪಂದ್ಯಾಟವನ್ನು ಅವರ ತಂಡವು 1910, 1911, 1913ರಲ್ಲಿ ಗೆದ್ದಿತು. 1914ರಲ್ಲಿ ಸೋತ ಬಳಿಕ, ಹೊಸದೊಂದು ಲೀಗು ಹೆಚ್ಚು ಸಂಬಳದ ಆಶೆಯನ್ನು ತೋರಿಸುತ್ತಿರಲು, ಮ್ಯಾಕರು ಉತ್ತಮ ಆಟಗಾರರನ್ನು ಒಬ್ಬೊಬ್ಬರಾಗಿ ಬಿಟ್ಟುಕೊಟ್ಟರು. 1915ರಿಂದ ಏಳು ವರ್ಷ ತಂಡಕ್ಕೆ ಕಡೆಯ ಸ್ಥಾನವೇ ಗತಿಯಾಯಿತು. 1916ರಲ್ಲಿ ಗೆಲವು 36, ಸೋಲು 117. ಬೇರೊಬ್ಬರಾಗಿದ್ದರೆ ಕೆಲಸ ಹೋಗುತ್ತಿತ್ತು. ಇವರು ತಂಡದ ಪಾಲುದಾರರೂ ಆಗಿದ್ದುದರಿಂದ ಉಳಿದರೆಂಬುದನ್ನು ನಾವು ಮುಚ್ಚಿಡಲಾರೆವು. ಆದರೂ ಎಳೆಯರನ್ನು ಹುಡುಕಿ ತಂದು, ತಾಳ್ಮೆಯಿಂದ ತಿದ್ದಿ, 1929 ಮತ್ತು 1930ರಲ್ಲಿ ಮತ್ತೆ ಆ ಪಂದ್ಯಾಟವನ್ನು ಗೆದ್ದರು.

87ನೆಯ ವಯಸ್ಸಿನಲ್ಲಿ ಬೆಂಚನ್ನು ಬಿಟ್ಟು ಎದ್ದಾಗ ಅವರ ಲೆಕ್ಕದಲ್ಲಿ 3,731 ಗೆಲವುಗಳೂ 3,948 ಸೋಲುಗಳೂ ಇದ್ದವು. ಎರಡರಲ್ಲಿಯೂ ಅವರನ್ನು ಮೀರಿದ ಮ್ಯಾನೇಜರರು ಇಂದಿಗೂ ಇಲ್ಲ.