ಉಪ್ಪಲ್ ಟಿಕೆಟ್: ಪೈಸಾ ವಸೂಲ್ ಯಾರಿಗೆ?

ಬೀದರ್‌ನ ಮಗುವಿಗೆ ಚಿನ್ನಸ್ವಾಮಿ ಕ್ರೀಡಾಂಗಣ ಟಿ.ವಿ.ಯೊಳಗಿನ ಊರು. ಬೆಂಗಳೂರಿಗೆ ಸುಮಾರು 700 ಕಿ.ಮೀ., ಹೈದರಾಬಾದಿಗೆ ಸುಮಾರು 150. ಕಲಬುರಗಿ, ರಾಯಚೂರಿನವರಿಗೂ ಹತ್ತಿರದ ಐಪಿಎಲ್ ಮೈದಾನವೆಂದರೆ ಉಪ್ಪಲ್‌ನ ರಾಜೀವ್ ಗಾಂಧಿ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣವೇ. ಹಾಗಾಗಿ ಆರ್‌ಸಿಬಿ ಆಡಲು ಬಂದ ದಿನ ಸನ್‌ರೈಸರ್ಸ್‌ನ ಕಿತ್ತಳೆ ಬಣ್ಣದ ನಡುವೆ ಕೆಂಪು ಜೆರ್ಸಿಗಳು ಎದ್ದು ಕಾಣುತ್ತವೆ. ಕಾಚಿಗುಡದಲ್ಲಿ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಕಟ್ಟಿಕೊಂಡ ಹೈದರಾಬಾದಿನ ಕನ್ನಡಿಗರ ಮಕ್ಕಳು ಒಂದು ಕಡೆ, ಬೆಳಗಿನ ರೈಲು ಹತ್ತಿ ಬಂದ ಗಡಿ ಜಿಲ್ಲೆಗಳ ಮಕ್ಕಳು ಇನ್ನೊಂದು ಕಡೆ.

2023ರ ಮೇ 18ರ ರಾತ್ರಿ ಅಲ್ಲಿದ್ದ ಮಕ್ಕಳದು ಅದೃಷ್ಟ. ಹೈದರಾಬಾದಿನ ಹೆನ್ರಿಕ್ ಕ್ಲಾಸೆನ್ 104 ಹೊಡೆದರು, ಬೆಂಗಳೂರಿನ ವಿರಾಟ್ ಕೊಹ್ಲಿ 100 ಹೊಡೆದರು. ಎರಡೂ ಬಣ್ಣದವರಿಗೆ ಕುಣಿಯಲು ಕಾರಣ ಸಿಕ್ಕಿತು. ಇಂಥ ರಾತ್ರಿಗಳ ಸುದ್ದಿಯೇ ಮುಂದಿನ ವರ್ಷ ಇನ್ನೊಂದು ಮನೆಯಲ್ಲಿ ಹಟವಾಗುತ್ತದೆ. ‘ಪಪ್ಪಾ, ಈ ಸಲ ನನಗ ಮ್ಯಾಚ್ ತೋರಸಲೇಬೇಕು’ ಎಂದು ಮಗು ಪಟ್ಟು ಹಿಡಿದಾಗ ಅಪ್ಪ ಮೊಬೈಲಿನಲ್ಲಿ ಟಿಕೆಟ್ ದರ ನೋಡಿ ಸುಮ್ಮನಾಗುತ್ತಾನೆ. ಕೊಡಿಸಬೇಕೇ, ಬೇಡವೇ?

ಟಿಕೆಟ್‌ನ ಮೇಲೊಂದು ಟಿಕೆಟ್

ಮೊದಲು ಹಣದ ಮಾತು. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ತೆರಿಗೆಯ ಪಟ್ಟಿಯಲ್ಲಿ ಐಪಿಎಲ್ ಈಗ ಕ್ಯಾಸಿನೊ, ರೇಸ್ ಕ್ಲಬ್‌ಗಳ ಸಾಲಿನಲ್ಲಿ ಕುಳಿತಿದೆ. ಮೂಲಬೆಲೆ 2,000 ರೂಪಾಯಿ ಇದ್ದರೆ ಕೈಬಿಟ್ಟು ಹೋಗುವುದು 2,800. ಅಪ್ಪ, ಅಮ್ಮ, ಇಬ್ಬರು ಮಕ್ಕಳೆಂದರೆ 11,200. ಇದರಲ್ಲಿ 3,200 ರೂಪಾಯಿ ಬರೀ ತೆರಿಗೆ. ಮಾನ್ಯತೆ ಪಡೆದ ಕ್ರೀಡಾ ಸಂಸ್ಥೆಗಳು ನಡೆಸುವ ಪಂದ್ಯಗಳಿಗೆ ಬೇರೆಯೇ ನಿಯಮ: ಟಿಕೆಟ್ 500 ರೂಪಾಯಿ ಒಳಗಿದ್ದರೆ ತೆರಿಗೆಯೇ ಇಲ್ಲ, ಮೀರಿದರೆ ಶೇ 18. ಮಗುವಿಗೆ ಆಟ ತೋರಿಸಲು ಹೊರಟವರು ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಬೇಕು.

ಹೊರಗಿನಿಂದ ಬರುವವರಿಗೆ ಖರ್ಚು ಅಲ್ಲಿಗೆ ನಿಲ್ಲುವುದಿಲ್ಲ. ಸಂಜೆ 7.30ಕ್ಕೆ ಶುರುವಾದ ಪಂದ್ಯ ಮುಗಿಯುವಾಗ 11 ಗಂಟೆ ದಾಟಿರುತ್ತದೆ. ಆ ಹೊತ್ತಿನಲ್ಲಿ ನಿದ್ದೆಗಣ್ಣಿನ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬೀದರ್‌ಗೆ ಮರಳುವುದು ಕಷ್ಟ. ನೆಂಟರ ಮನೆ ಇಲ್ಲದಿದ್ದರೆ ಲಾಡ್ಜ್ ಹುಡುಕಬೇಕು. ನೀರಿನ ಬಾಟಲಿ, ತಿಂಡಿಯ ಡಬ್ಬಿಯನ್ನು ಗೇಟಿನಲ್ಲೇ ತಡೆಯುವುದರಿಂದ ಒಳಗೆ ಹೇಳಿದಷ್ಟು ಬೆಲೆ ಕೊಟ್ಟು ಕೊಳ್ಳಬೇಕು.

ಎಲ್ಲರೂ ಹೀಗೆ ಕೊಟ್ಟೇ ಒಳಗೆ ಬರುತ್ತಾರೆಂದೇನಿಲ್ಲ. ಉಪ್ಪಲ್‌ನಲ್ಲಿ ಹೈದರಾಬಾದ್ ಕ್ರಿಕೆಟ್ ಸಂಸ್ಥೆಗೆ ಪ್ರತಿ ಪಂದ್ಯಕ್ಕೆ 3,900 ಉಚಿತ ಪಾಸ್ ಕೊಡುವ ಒಪ್ಪಂದವಿದೆ. ಅದು ಸಾಲದೆಂದು ತಮ್ಮ ಮೇಲೆ ಒತ್ತಡ ತರುತ್ತಿದ್ದಾರೆ ಎಂದು 2025ರ ಮಾರ್ಚ್‌ನಲ್ಲಿ ಸನ್‌ರೈಸರ್ಸ್ ಬಹಿರಂಗವಾಗಿ ದೂರಿತು. ಸಂಸ್ಥೆ ಅಲ್ಲಗಳೆಯಿತು, ವಿಷಯ ಸಿಐಡಿ ತನಿಖೆಯವರೆಗೆ ಹೋಯಿತು. ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲುವ ಅಪ್ಪನ ಪಕ್ಕದ ಗೇಟಿನಲ್ಲೇ ಪಾಸ್ ಹಿಡಿದವರ ದಾರಿಯೂ ಇರುತ್ತದೆ.

ದುಡ್ಡಿಗೆ ಸಿಗುವುದು ಕುರ್ಚಿ ಮಾತ್ರ

ಉಪ್ಪಲ್‌ನ ಇತ್ತೀಚಿನ ದಾಖಲೆ ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. 2024ರ ಮಾರ್ಚ್ 27ರಂದು ಮುಂಬೈ ವಿರುದ್ಧ ಸನ್‌ರೈಸರ್ಸ್ 277 ಹೊಡೆಯಿತು. ಎರಡೂ ತಂಡ ಸೇರಿ ಸಿಡಿಸಿದ್ದು 38 ಸಿಕ್ಸರ್. 2025ರ ಮಾರ್ಚ್ 23ರಂದು ರಾಜಸ್ಥಾನದ ವಿರುದ್ಧ 286. ಅದೇ ವರ್ಷದ ಏಪ್ರಿಲ್ 12ರಂದು ಪಂಜಾಬ್ ಕೊಟ್ಟ 246ರ ಗುರಿ ಬೆನ್ನಟ್ಟುವಾಗ ಅಭಿಷೇಕ್ ಶರ್ಮಾ 55 ಎಸೆತದಲ್ಲಿ 141.

ಈಗ ಪಟ್ಟಿಯ ಇನ್ನೊಂದು ಬದಿ. 2024ರ ಮೇ 16ರಂದು ಗುಜರಾತ್ ಜೊತೆಗಿನ ಪಂದ್ಯ ಮಳೆಯಿಂದಾಗಿ ಒಂದು ಎಸೆತವೂ ನಡೆಯದೆ ರದ್ದಾಯಿತು. 2025ರ ಏಪ್ರಿಲ್ 23ರಂದು ಮುಂಬೈ ಎದುರು 35 ರನ್ ಆಗುವಷ್ಟರಲ್ಲಿ ಸನ್‌ರೈಸರ್ಸ್‌ನ ಐದು ವಿಕೆಟ್ ಉರುಳಿದವು. ಮೇ 5ರಂದು ಡೆಲ್ಲಿ ತಂಡ 133 ರನ್ ಮಾಡಿ ಮುಗಿಸಿತು, ಆಮೇಲೆ ಮಳೆ ಬಂತು, ಪಂದ್ಯ ಅಲ್ಲಿಗೇ ಮುಗಿಯಿತು. ಒಂದೂ ಎಸೆತ ನಡೆಯದಿದ್ದರೆ ಟಿಕೆಟ್ ಹಣ ವಾಪಸ್ ಬರುವುದು ಸಾಮಾನ್ಯ ರೂಢಿ. ಒಂದೇ ಒಂದು ಎಸೆತ ನಡೆದರೂ ಆ ಭರವಸೆ ಇರುವುದಿಲ್ಲ. ಮೇ ತಿಂಗಳ ಸಂಜೆ ಮಳೆ ದಖ್ಖನ್ನಿಗೆ ಹೊಸದಲ್ಲ. ಹಿರಿಯರಿಗೆ ಇದು ಅರ್ಥವಾಗುತ್ತದೆ. ವಾರವಿಡೀ ದಿನ ಎಣಿಸಿದ ಎಂಟು ವರ್ಷದ ಮಗುವಿಗೆ ಗ್ಯಾಲರಿಯಲ್ಲಿ ಕೂತು ಮಳೆ ನೋಡುತ್ತಾ ಅರ್ಥ ಮಾಡಿಸುವುದು ಸುಲಭವಲ್ಲ. ಸಾವಿರಾರು ರೂಪಾಯಿ ಕೊಟ್ಟ ಅಪ್ಪನ ಮುಖ ಗಂಟಿಕ್ಕಿದ್ದರಂತೂ ಮಗುವಿಗೆ ಆ ಸಂಜೆಯಿಂದ ಉಳಿಯುವುದು ಆ ಮುಖ.

ಟಿ.ವಿ. ತೋರಿಸದ ಹತ್ತು ಜನ

ಹಾಗಾದರೆ ಮೈದಾನಕ್ಕೆ ಹೋಗುವುದು ಏಕೆ? ಟಿ.ವಿ.ಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಮೈದಾನದಲ್ಲಿ ಮಗು ತನಗೆ ಬೇಕಾದ ಕಡೆ ನೋಡಬಹುದು. ಬೌಲರ್ ಓಡಿ ಬರುವಾಗ ಹತ್ತು ಫೀಲ್ಡರುಗಳು ಒಂದೇ ಹೆಜ್ಜೆಯಲ್ಲಿ ಮುಂದೆ ಬರುವುದು, ಕ್ಯಾಪ್ಟನ್‌ನ ಬೆರಳ ಸನ್ನೆಗೆ ಬೌಂಡರಿಯ ಹುಡುಗ ನಾಲ್ಕು ಮಾರು ಸರಿಯುವುದು, ಮುಂದಿನ ಎಸೆತಕ್ಕೇ ಕ್ಯಾಚ್ ಅಲ್ಲಿಗೇ ಹೋಗುವುದು, ಹನ್ನೆರಡನೆಯ ಆಟಗಾರ ನೀರು ಹೊತ್ತು ಓಡುವುದು, ಪಂದ್ಯಕ್ಕೆ ಮುನ್ನ ಅಭ್ಯಾಸದಲ್ಲಿ ದೊಡ್ಡ ಹೆಸರಿನವನೊಬ್ಬ ಒಂದೇ ಕ್ಯಾಚನ್ನು ಮತ್ತೆ ಮತ್ತೆ ಹಿಡಿಯುವುದು. ಆಟವೆಂಬುದು ಇಷ್ಟೆಲ್ಲ ಸೇರಿ ಆಗುತ್ತದೆ ಎಂಬ ತಿಳಿವಳಿಕೆಯೇ ಮೈದಾನದಲ್ಲಿ ಮಗುವಿಗೆ ಸಿಗುವ ಪಾಲು.

ಈ ಪಾಲಿಗೂ ಟಿಕೆಟ್ ದರಕ್ಕೂ ಸಂಬಂಧ ಕಡಿಮೆ. ಫೀಲ್ಡಿಂಗ್ ಬದಲಾಗುವುದು ಬೌಂಡರಿ ಪಕ್ಕದ ದುಬಾರಿ ಸೀಟಿಗಿಂತ ಮೇಲಿನ ಅಗ್ಗದ ಗ್ಯಾಲರಿಯಿಂದಲೇ ಚೆನ್ನಾಗಿ ಕಾಣುತ್ತದೆ. ಟಾಸ್‌ಗೆ ಒಂದು ಗಂಟೆ ಮೊದಲೇ ಒಳಗೆ ಹೋದರೆ ಅಭ್ಯಾಸ ನೋಡಲು ಬೇರೆ ಹಣ ಕೊಡಬೇಕಿಲ್ಲ. ಹೆಚ್ಚಿನ ಬೆಲೆಗೆ ಸಿಗುವುದು ನೆರಳು, ಮೆತ್ತನೆಯ ಕುರ್ಚಿ, ಊಟ, ತಾರೆಯರ ಹತ್ತಿರದ ನೋಟ. ಇವುಗಳಲ್ಲಿ ಮಗುವಿಗೆ ನಿಜಕ್ಕೂ ಬೇಕಾದದ್ದು ನೆರಳು. ಮಧ್ಯಾಹ್ನ 3.30ರ ಪಂದ್ಯಕ್ಕೆ ಪಶ್ಚಿಮ ಬದಿಯ ಗ್ಯಾಲರಿ ಸಿಕ್ಕರೆ ಅದೂ ಬೇಗ ಸಿಗುತ್ತದೆ, ಏಕೆಂದರೆ ಇಳಿಬಿಸಿಲು ಬೆನ್ನ ಹಿಂದಿರುತ್ತದೆ.

ಮಗುವಿಗೆ ಸಿಗುವ ಪಾಲಿಗೆ ಟಿಕೆಟ್ ದರ ಮುಖ್ಯವಲ್ಲ ಎಂಬುದಕ್ಕೆ ಉಪ್ಪಲ್‌ನಲ್ಲೇ ಒಂದು ದೊಡ್ಡ ಉದಾಹರಣೆಯಿದೆ. 2024ರ ಜನವರಿ 25ರಿಂದ 28ರವರೆಗೆ ನಡೆದ ಭಾರತ–ಇಂಗ್ಲೆಂಡ್ ಟೆಸ್ಟ್‌ಗೆ ಹೈದರಾಬಾದ್ ಕ್ರಿಕೆಟ್ ಸಂಸ್ಥೆ 25,000 ಶಾಲಾ ಮಕ್ಕಳಿಗೆ ಉಚಿತ ಪ್ರವೇಶ ಘೋಷಿಸಿತ್ತು. ಇಂಗ್ಲೆಂಡಿನ ಹೊಸ ಸ್ಪಿನ್ನರ್ ಟಾಮ್ ಹಾರ್ಟ್ಲಿ ತನ್ನ ಟೆಸ್ಟ್ ಬದುಕಿನ ಮೊದಲ ಎಸೆತ ಹಾಕಿದ; ಯಶಸ್ವಿ ಜೈಸ್ವಾಲ್ ಅದನ್ನು ಸಿಕ್ಸರ್‌ಗೆ ಎತ್ತಿದರು. ಮೊದಲ ಇನಿಂಗ್ಸ್‌ನಲ್ಲಿ ಭಾರತಕ್ಕೆ 190 ರನ್ ಮುನ್ನಡೆ. ಪಂದ್ಯ ಮುಗಿದಂತೆಯೇ ಎಂದುಕೊಂಡಾಗ ಓಲಿ ಪೋಪ್ 196 ಹೊಡೆದರು. ನಾಲ್ಕನೆಯ ದಿನ ಅದೇ ಹಾರ್ಟ್ಲಿ ಏಳು ವಿಕೆಟ್ ಕಿತ್ತು ಭಾರತವನ್ನು 28 ರನ್‌ಗಳಿಂದ ಸೋಲಿಸಿದ. ಮೊದಲ ಎಸೆತಕ್ಕೆ ಸಿಕ್ಸರ್ ಹೊಡೆಸಿಕೊಂಡವನು ಕೊನೆಗೆ ಪಂದ್ಯ ಗೆಲ್ಲಿಸಿದ ಕತೆಯನ್ನು ಕಣ್ಣಾರೆ ಕಾಣುವ ಅವಕಾಶ ಮಕ್ಕಳಿಗೆ ಬಿಟ್ಟಿಯಾಗಿ ಸಿಕ್ಕಿತ್ತು. ಸೋತದ್ದು ನಮ್ಮ ತಂಡ ಎಂಬುದೂ ಪಾಠದ ಭಾಗವೇ. 2009ರ ನವೆಂಬರ್ 5ರಂದು ಇದೇ ಮೈದಾನದಲ್ಲಿ ಆಸ್ಟ್ರೇಲಿಯಾ ವಿರುದ್ಧ ಸಚಿನ್ ತೆಂಡೂಲ್ಕರ್ 175 ಹೊಡೆದರೂ ಭಾರತ ಮೂರು ರನ್‌ನಿಂದ ಸೋತಿತ್ತು; ಹೈದರಾಬಾದಿಗರು ಅದನ್ನು ಇಂದಿಗೂ ಸೋಲೆಂದು ಕಡಿಮೆ, ಇನಿಂಗ್ಸ್ ಎಂದು ಹೆಚ್ಚು ನೆನೆಯುತ್ತಾರೆ.

ಗುಂಪಿನ ಭಯ ಸುಳ್ಳಲ್ಲ

ಹಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಸುರಕ್ಷತೆಯದು. 2022ರ ಸೆಪ್ಟೆಂಬರ್ 22ರಂದು ಉಪ್ಪಲ್‌ನ ಭಾರತ–ಆಸ್ಟ್ರೇಲಿಯಾ ಟಿ20 ಟಿಕೆಟ್ ಕೊಳ್ಳಲು ಸಿಕಂದರಾಬಾದಿನ ಜಿಮ್‌ಖಾನಾ ಮೈದಾನದಲ್ಲಿ ಜನ ನೆರೆದು, ನೂಕುನುಗ್ಗಲಾಗಿ, ಪೊಲೀಸರು ಲಾಠಿ ಬೀಸಿ, ಹಲವರು ಗಾಯಗೊಂಡರು. ಪಂದ್ಯವಲ್ಲ, ಬರೀ ಟಿಕೆಟ್‌ಗೆ! 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ವಿಜಯೋತ್ಸವಕ್ಕೆ ಬಂದವರಲ್ಲಿ 11 ಮಂದಿ ಸತ್ತರು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಅದೇ ವರ್ಷದ ಡಿಸೆಂಬರ್ 13ರಂದು ಲಯೊನೆಲ್ ಮೆಸ್ಸಿ ಬಂದಾಗ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಸಾವಿರಾರು ರೂಪಾಯಿ ಕೊಟ್ಟವರಿಗೆ ಗಣ್ಯರ ಬೆನ್ನುಗಳೇ ಕಂಡವು. ಕುರ್ಚಿ, ಬಾಟಲಿಗಳು ಹಾರಾಡಿದವು. ಅದೇ ಸಂಜೆ ಉಪ್ಪಲ್‌ನಲ್ಲಿ ಕಾರ್ಯಕ್ರಮ ಸುಸೂತ್ರವಾಗಿ ನಡೆಯಿತು, ಮೆಸ್ಸಿ ಗ್ಯಾಲರಿಗೆ ಚೆಂಡು ಒದ್ದರು. ಒಂದೇ ಆಟಗಾರ, ಒಂದೇ ದಿನ, ಎರಡು ಊರು. ದುಬಾರಿ ಟಿಕೆಟ್ ಸುವ್ಯವಸ್ಥೆಯ ಖಾತರಿ ಕೊಡುವುದಿಲ್ಲ.

ಆದ್ದರಿಂದ ಸೀಟಿನ ನಂಬರ್ ಇಲ್ಲದ, ಟಿಕೆಟ್ ಇಲ್ಲದ, ‘ಬನ್ನಿ, ನೋಡೋಣ’ ಎನ್ನುವ ಜಾತ್ರೆಗಳಿಗೆ ಮಕ್ಕಳನ್ನು ಕರೆದೊಯ್ಯಲೇಬಾರದು. ನಂಬರ್ ಇರುವ ಪಂದ್ಯಕ್ಕೂ ಕೆಲವು ಜಾಗ್ರತೆ ಬೇಕು. ಬ್ಲ್ಯಾಕ್‌ನಲ್ಲಿ ಕೊಂಡ ಟಿಕೆಟ್ ಗೇಟಿನಲ್ಲಿ ನಕಲಿ ಎಂದು ಗೊತ್ತಾದರೆ ಮಗುವಿನೆದುರು ಹಿಂದಿರುಗಬೇಕು. ಎಷ್ಟು ವಯಸ್ಸಿನಿಂದ ಮಗುವಿಗೂ ಟಿಕೆಟ್ ಬೇಕು ಎಂಬುದನ್ನು ಕೊಳ್ಳುವಾಗಲೇ ನಿಯಮದಲ್ಲಿ ಓದಿಕೊಳ್ಳಬೇಕು. ಅಂಗಿಯ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇರಲಿ, ಡಿ.ಜೆ. ಮತ್ತು ಪೀಪಿ ಸದ್ದಿಗೆ ಕಿವಿ ಮುಚ್ಚುವ ಸಾಧನವಿರಲಿ. ಸಿಕಂದರಾಬಾದ್‌ನಲ್ಲಿ ಇಳಿದವರಿಗೆ ಸಿಕಂದರಾಬಾದ್ ಈಸ್ಟ್ ನಿಲ್ದಾಣದಿಂದ ಮೆಟ್ರೊದ ನೀಲಿ ಮಾರ್ಗ ನೇರ ‘ಸ್ಟೇಡಿಯಂ’ ನಿಲ್ದಾಣಕ್ಕೇ ಮುಟ್ಟಿಸುತ್ತದೆ. ಮರಳುವಾಗ ಕೊನೆಯ ಎರಡು ಓವರ್ ಬಿಟ್ಟು ಎದ್ದರೆ ನಿಲ್ದಾಣದ ಮೆಟ್ಟಿಲುಗಳ ನೂಕಾಟ ತಪ್ಪುತ್ತದೆ. ಫಲಿತಾಂಶವನ್ನು ರೈಲಿನಲ್ಲಿ ಮೊಬೈಲ್ ಹೇಳುತ್ತದೆ.

ಮೊದಲ ಟಿಕೆಟ್ ಯಾವುದು?

ಹೈದರಾಬಾದಿನಲ್ಲಿ ಕ್ರಿಕೆಟ್ ಒಂದೇ ಇಲ್ಲ. ಗಚ್ಚಿಬೌಲಿಯ ಒಳಾಂಗಣ ಕ್ರೀಡಾಂಗಣದಲ್ಲಿ 2024ರ ಅಕ್ಟೋಬರ್ 18ರಂದು ಪ್ರೊ ಕಬಡ್ಡಿಯ ಹನ್ನೊಂದನೆಯ ಆವೃತ್ತಿ ಶುರುವಾದದ್ದೇ ತೆಲುಗು ಟೈಟನ್ಸ್–ಬೆಂಗಳೂರು ಬುಲ್ಸ್ ಪಂದ್ಯದಿಂದ. ಕಬಡ್ಡಿಯ ಆಟ 20 ನಿಮಿಷದ ಎರಡು ಅವಧಿ; ಮಳೆಯ ಚಿಂತೆ ಇಲ್ಲ, ಬಿಸಿಲಿಲ್ಲ, ಊರಿನ ಮಣ್ಣಿನಲ್ಲಿ ತಾನೇ ಆಡಿದ ಆಟವಾದ್ದರಿಂದ ನಿಯಮ ವಿವರಿಸುವ ಕೆಲಸವೂ ಇಲ್ಲ. ಆರು–ಏಳು ವರ್ಷದ ಮಗುವಿಗೆ ನಾಲ್ಕು ಗಂಟೆಯ ಐಪಿಎಲ್‌ಗಿಂತ ಇದು ಒಗ್ಗುತ್ತದೆ.

ಹತ್ತರ ಆಸುಪಾಸಿನ, ಕ್ರಿಕೆಟ್ ಆಡುವ ಮಗುವಿಗೆ ರಣಜಿ ಪಂದ್ಯದ ಒಂದು ದಿನ ಸಾಕಷ್ಟು ಕಲಿಸುತ್ತದೆ. ಗ್ಯಾಲರಿ ಖಾಲಿ, ಬ್ಯಾಟಿನ ಸದ್ದು ಕೇಳುತ್ತದೆ, ಆಟಗಾರರ ಮಾತೂ ಕೇಳುತ್ತದೆ. ಹೆಣ್ಣುಮಕ್ಕಳ ಕ್ರಿಕೆಟ್ ಇನ್ನೊಂದು ದಾರಿ. 2025ರ ಮಹಿಳಾ ವಿಶ್ವಕಪ್‌ನಲ್ಲಿ ಟಿಕೆಟ್ 100 ರೂಪಾಯಿಯಿಂದ ಶುರುವಾಗಿತ್ತು. ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತ ಕಪ್ ಗೆದ್ದಾಗ ಗ್ಯಾಲರಿ ಭರ್ತಿ. ಮಿಥಾಲಿ ರಾಜ್ ಬೆಳೆದ ಹೈದರಾಬಾದಿಗೆ ಆ ಕೂಟದ ಒಂದು ಪಂದ್ಯವೂ ಬರಲಿಲ್ಲವೆಂಬುದು ಬೇಸರದ ಸಂಗತಿ. ಬಂದಿದ್ದರೆ ಒಂದು ಸಂಸಾರ 400 ರೂಪಾಯಿಯಲ್ಲಿ ವಿಶ್ವಕಪ್ ನೋಡಬಹುದಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಐಪಿಎಲ್ ಟಿಕೆಟ್ ಕೊಡಿಸಲೇಬಾರದೆಂಬ ಹಟ ಬೇಡ. ಇಷ್ಟದ ಆಟಗಾರನನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆಗೆ ಬೆಲೆ ಇದೆ, ಆಟಗಾರರಿಗೆ ವಯಸ್ಸೂ ಆಗುತ್ತದೆ. ಆದರೆ ಕೊಡಿಸುವ ಮುನ್ನ ಆಸೆ ಯಾರದು ಎಂದು ನೋಡಬೇಕು. ಎಷ್ಟೋ ಮನೆಗಳಲ್ಲಿ ಮಗುವಿನ ಹೆಸರಿನಲ್ಲಿ ಅಪ್ಪ ತನ್ನ ಬಾಲ್ಯದ ಬಾಕಿ ತೀರಿಸಿಕೊಳ್ಳುತ್ತಾನೆ. ಅದರಲ್ಲಿ ತಪ್ಪಿಲ್ಲ, ಖರ್ಚನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡರೆ ಆಯಿತು. ‘ಇಷ್ಟು ದುಡ್ಡು ಕೊಟ್ಟು ಕರ್ಕೊಂಡು ಬಂದೀನಿ, ನೀ ಮೊಬೈಲ್ ನೋಡ್ತಿಯಲ್ಲ’ ಎಂದು ಗದರುವ ಹಕ್ಕು ಆಗ ಅವನಿಗೆ ಇರುವುದಿಲ್ಲ.

ಮಗುವಿನದೇ ಆಸೆಯೆಂದು ತಿಳಿಯುವ ಗುರುತು ಸರಳ. ಋತುವಿನ ವೇಳಾಪಟ್ಟಿ ಬಂದಾಗ ಅದು ತಾನೇ ಪಂದ್ಯ ಆರಿಸುತ್ತದೆ, ಆ ಪಂದ್ಯವೇ ಏಕೆ ಎಂಬುದಕ್ಕೆ ಕಾರಣ ಹೇಳುತ್ತದೆ, ಅದಕ್ಕಾಗಿ ಹುಟ್ಟುಹಬ್ಬದ ಇನ್ನೊಂದು ಉಡುಗೊರೆಯನ್ನು ಬಿಡಲು ಒಪ್ಪುತ್ತದೆ. ಅಗ್ಗದ ನಾಲ್ಕಾರು ಆಟಗಳನ್ನು ನೋಡಿದ ಮಗುವಿಗೆ ಮಾತ್ರ ಹೀಗೆ ಆರಿಸಲು ಬರುತ್ತದೆ. ಆದ್ದರಿಂದ ದುಬಾರಿ ಟಿಕೆಟ್ ಮಗುವಿನ ಮೊದಲ ಟಿಕೆಟ್ ಆಗದಿರಲಿ, ಐದನೆಯದೋ ಆರನೆಯದೋ ಆಗಲಿ. ಆಗ ಅದು 35ಕ್ಕೆ ಐದು ವಿಕೆಟ್ ಬಿದ್ದ ರಾತ್ರಿಯೇ ಆದರೂ, ಆರನೆಯವನು ಹೇಗೆ ಕಾದು ಆಡುತ್ತಾನೆಂದು ನೋಡುವ ಕಣ್ಣು ಮಗುವಿಗೆ ಬಂದಿರುತ್ತದೆ. ಕೊಟ್ಟ ಹಣ ವಸೂಲಾಗುವುದು ಆ ಕಣ್ಣಿನಿಂದ, ಸಿಕ್ಸರ್‌ಗಳ ಎಣಿಕೆಯಿಂದಲ್ಲ.