ತಲೆಗೆ ಸಾವಿರ ಕೊಟ್ಟು ಕೂತ ಮೇಲೆ: ಬಾರ್ಬೆಕ್ಯೂ ಹೋಟೆಲಿನ ಲೆಕ್ಕ

ಸಂತಪುರದಿಂದ ಮತ್ತ ನಿಮ್ಮ ಕಿವಿಗೆ ಬಂದೀನಿ. ಇವತ್ತಿನ ಮಾತು ಬಾರ್ಬೆಕ್ಯೂ ಬಗ್ಗೆ. ಅದೇ, ಟೇಬಲ್ ನಡುವೆ ಕೆಂಡದ ಒಲೆ ಇಟ್ಟು, ‘ಎಷ್ಟರೆ ತಿನ್ರಿ, ರೇಟ್ ಒಂದೇ’ ಅನ್ನೋ ಹೋಟೆಲ್.

ನನ್ನ ಗೆಳೆಯನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ತು. ಮೊದಲ ಪಗಾರ 18 ಸಾವಿರ. ಔರಾದ್, ಭಾಲ್ಕಿ ಕಡೆಯ ನಮ್ಮ ಮೂವರನ್ನ ಕರೆದು ಪಾರ್ಟಿ ಕೊಟ್ಟ. ತಲೆಗೆ ಸಾವಿರ ರೂಪಾಯಿ. ದುಡ್ಡು ವಸೂಲಿ ಆಗ್ಬೇಕಂತ ನಾವು ಮುಂಜಾನೆಯಿಂದ ಚಹಾ ಬಿಟ್ರೆ ಏನೂ ಮುಟ್ಟಿರಲಿಲ್ಲ. ಕೂತ ಹದಿನೈದೇ ನಿಮಿಷದಲ್ಲಿ ಮೆಕ್ಕೆಜೋಳ, ಆಲೂಗಡ್ಡೆ, ಕೋಲ್ಡ್ ಡ್ರಿಂಕಿನಿಂದ ಹೊಟ್ಟೆ ತುಂಬ್ತು. ಬಿರಿಯಾನಿ ದೂರದಿಂದ ನೋಡಿ ಬಂದ್ವಿ!

ಈ ಪದ್ಧತಿ ಜಪಾನಿನಲ್ಲಿ ಭಾಳ ಜೋರು. ತೆಳ್ಳಗೆ ಹೆಚ್ಚಿದ ಮಾಂಸವನ್ನ ಗಿರಾಕಿಯೇ ಟೇಬಲ್ ಮೇಲೆ ಸುಟ್ಟುಕೊಂಡು ತಿನ್ನೋದಕ್ಕೆ ಅಲ್ಲಿ ‘ಯಾಕಿನಿಕು’ ಅಂತಾರೆ. ಒಂದೇ ರೇಟಿಗೆ ಬೇಕಾದಷ್ಟು ತಿನ್ನೋದು ‘ತಬೆಹೋದಾಯ್’. ಬಫೆಗೆ ಅವರ ಹೆಸರು ಇನ್ನೂ ಮಜಾ: 1958ರಲ್ಲಿ ಟೋಕಿಯೊದ ಇಂಪೀರಿಯಲ್ ಹೋಟೆಲ್ ತನ್ನ ಬಫೆಗೆ ‘ವೈಕಿಂಗ್’ ಅಂತ ಹೆಸರಿಟ್ಟಿತು, ಇವತ್ತಿಗೂ ಜಪಾನಿಗರ ಬಾಯಲ್ಲಿ ಬಫೆ ಅಂದ್ರೆ ‘ಬೈಕಿಂಗು’. ಆದ್ರೆ ಅಲ್ಲಿ ಗಡಿಯಾರ ಓಡ್ತಿರುತ್ತೆ. ಸಾಮಾನ್ಯವಾಗಿ 90 ಇಲ್ಲಾ 120 ನಿಮಿಷ, ಅಷ್ಟೇ. ಮಾಂಸ ಬೇಯೋ ಹೊತ್ತೂ ಅದರೊಳಗೇ. ತರಿಸಿಕೊಂಡು ಬಿಟ್ಟರೆ ಬೇರೆ ದುಡ್ಡು ಕೇಳೋ ಅಂಗಡಿಗಳೂ ಇವೆ.

ನಮ್ಮಲ್ಲಿ ಇದನ್ನ ಮನೆಮಾತು ಮಾಡಿದ್ದು ಬಾರ್ಬೆಕ್ಯೂ ನೇಷನ್. 2006ರಲ್ಲಿ ಮುಂಬೈಯಲ್ಲಿ ಶುರು, ಆಮೇಲೆ ಬೆಂಗಳೂರೇ ಅದರ ಕೇಂದ್ರ, 2021ರ ಏಪ್ರಿಲಿನಲ್ಲಿ ಷೇರು ಮಾರುಕಟ್ಟೆಗೂ ಬಂತು. ಅಲ್ಲಿ ಟೇಬಲ್ ಮೇಲೊಂದು ಪುಟ್ಟ ಬಾವುಟ ಇರುತ್ತೆ. ಅದನ್ನ ಇಳಿಸೋ ತನಕ ಕಡ್ಡಿಗೆ ಚುಚ್ಚಿದ ಸ್ಟಾರ್ಟರ್ ಬರ್ತಾನೇ ಇರ್ತವೆ. ಬಾವುಟ ಇಳಿಸೋದಂದ್ರೆ ಸೋತಂಗೆ ಅಂತ ನಮಗೆ ಅನ್ನಿಸ್ತದೆ ನೋಡ್ರಿ, ಗಮ್ಮತ್ತು ಇರೋದೇ ಅಲ್ಲಿ.

ಹಂಗಾದ್ರೆ ಹೋಟೆಲಿಗೆ ಲಾಭ ಹೆಂಗೆ? ಬಾಡಿಗೆ, ಪಗಾರ, ಎಸಿ ಖರ್ಚು ನೀವು ಎರಡು ತುಂಡು ತಿಂದರೂ ಅಷ್ಟೇ, ಇಪ್ಪತ್ತು ತಿಂದರೂ ಅಷ್ಟೇ. ಅವರು ಒಬ್ಬರ ಹೊಟ್ಟೆ ನೋಡಲ್ಲ, ನೂರು ಜನರ ಸರಾಸರಿ ನೋಡ್ತಾರೆ. ನಮ್ಮ ಖಾನಾವಳಿಯಲ್ಲೂ ಇದೇ ಲೆಕ್ಕ: ಒಬ್ಬ ಎಂಟು ಜೋಳದ ರೊಟ್ಟಿ ತಿಂದರೆ, ಪಕ್ಕದವ ಎರಡಕ್ಕೇ ಕೈ ತೊಳೀತಾನೆ. ಜೊತೆಗೆ ಅಗ್ಗದ ಸಾಮಾನು ಲಗೂನೆ, ರಾಶಿ ರಾಶಿ ಬರ್ತದೆ. ಸೀಗಡಿ, ಮಟನ್ ಕೇಳಿ ತರಿಸ್ಕೋಬೇಕು.

ಬಿ.ಕಾಂ.ನಲ್ಲಿ ‘ಸಂಕ್ ಕಾಸ್ಟ್’ ಅಂತ ಓದಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ. ಮುಳುಗಿದ ದುಡ್ಡು. ಕೂತ ಕ್ಷಣಕ್ಕೇ ಸಾವಿರ ಹೋಯ್ತು. ಹತ್ತನೇ ಕಡ್ಡಿ ತಿಂದರೂ ಅದು ವಾಪಸ್ ಬರಲ್ಲ, ಹೊಟ್ಟೆನೋವು ಮಾತ್ರ ಬರ್ತದೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಕೆದಕಿದ್ದೂ ಇಂಥ ಗುಣಗಳನ್ನೇ. ಪಾಠ ಗೊತ್ತಿದ್ದ ನಾನೇ ಅವತ್ತು ಎಲ್ಲರಿಗಿಂತ ಹೆಚ್ಚು ತಿಂದೆ, ಖರೇ ಹೇಳ್ತೀನಿ.

ಮುಖ್ಯ ಮಾತು ಬಿಲ್ಲಿನದು. ಬಂದದ್ದು 4,620. ಗೆಳೆಯ ಒಂದು ಗಳಿಗೆ ಸುಮ್ಮನಾದ. “ಏನೂ ಇಲ್ಲಪಾ, ನಡೀರಿ” ಅಂದು ಫೋನ್ ತೆಗೆದು ಪೇ ಮಾಡಿದ. ಒಂದು ಹೊತ್ತಿಗೆ ತಿಂಗಳ ಪಗಾರದ ಕಾಲು ಪಾಲು! ಬಸ್ಸಿನಲ್ಲಿ ಕೂತು ಬಿಲ್ ಬಿಡಿಸಿ ನೋಡಿದೆ. ಊಟ 4,000, ಸರ್ವಿಸ್ ಚಾರ್ಜ್ 400, ಒಟ್ಟಿನ ಮೇಲೆ ಶೇ 5 ಜಿಎಸ್‌ಟಿ 220.

ಜಿಎಸ್‌ಟಿ ತೆರಿಗೆ, ಕೊಡಲೇಬೇಕು. ಸರ್ವಿಸ್ ಚಾರ್ಜ್ ತೆರಿಗೆ ಅಲ್ಲ. ಅದನ್ನ ತಾನಾಗೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿ ಎತ್ತಿಹಿಡೀತು. ‘ತೆಗೀರಿ’ ಅಂದಿದ್ರೆ ಬಿಲ್ 4,200 ಆಗ್ತಿತ್ತು. ಉಳೀತಿದ್ದ 420 ಅವನ ಮುಕ್ಕಾಲು ದಿನದ ದುಡಿಮೆಗೆ ಹತ್ತಿರ. ಚೆಂದದ ಹೋಟೆಲು, ಇಂಗ್ಲಿಷ್ ಮಾತಾಡೋ ಮ್ಯಾನೇಜರ್. ಹಳ್ಳಿಯವರು ಅಂದ್ಕೊಂಡಾರಂತ ಅಂಜಿ ನಾಲ್ಕೂ ಜನ ಬಾಯಿ ಬಿಡಲಿಲ್ಲ.

ನೀವು ಹೋದ್ರೆ ಪೇ ಮಾಡೋ ಮೊದಲು ಬಿಲ್ ಓದ್ರಿ. ತೆಗೆಯಂಗಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡ್ರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು.

ಗೆಳೆಯನಿಗೆ ಇದನ್ನ ಮೊದಲೇ ಕೇಳಿಸಿದೆ. “420 ನೀನೇ ಕೊಡು” ಅಂದ. ಎಳ್ಳಮಾವಾಸ್ಯೆಗೆ ನಮ್ಮ ಹೊಲಕ್ಕೆ ಬಾ ಅಂದೀನಿ, ಭಜ್ಜಿ, ಅಂಬಲಿ ಬೇಕಾದಷ್ಟು. ಮುಂದಿನ ವಾರ ಮೊಬೈಲ್ ಇಎಂಐ ಬಗ್ಗೆ ಮಾತಾಡೋಣ. ಬರ್ತೀನ್ರಿ.